ಬಿಬಿಸಿ ಮೈಕ್ರೋಗೆ 1.44 ಎಂಬಿ ಡ್ರೈವ್ ಹಾಕಿದ್ದೀರಾ? ಚಿಪ್ ಕೀಳುವ ಮೊದಲು ಇಷ್ಟು ನೋಡಿ

ಹಳೇ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೈಗೆ ಸಿಕ್ಕವರು ಮೊದಲು ಮಾಡುವ ಕೆಲಸ ಅಂದರೆ, ಗುಜರಿಗೆ ಹೋಗಬೇಕಿದ್ದ ಯಾವುದೋ ಪಿಸಿಯಿಂದ 1.44 ಎಂಬಿ ಫ್ಲಾಪಿ ಡ್ರೈವ್ ಬಿಚ್ಚಿಕೊಂಡು ಬಂದು ಅದಕ್ಕೆ ಸಿಕ್ಕಿಸುವುದು. ಎರಡೂ ಕಡೆ 34 ಪಿನ್ನಿನ ಕನೆಕ್ಟರ್. ಕೇಬಲ್ ಕೂಡ ಚೆನ್ನಾಗಿ ಕೂರುತ್ತದೆ. ಫ್ಲಾಪಿಯಲ್ಲಿರುವ ಫೈಲ್‌ಗಳ ಪಟ್ಟಿ ಕೇಳಲು *ಕ್ಯಾಟ್ (*CAT) ಅಂತ ಟೈಪ್ ಮಾಡಿ ರಿಟರ್ನ್ ಒತ್ತುತ್ತಾರೆ. ಏನೂ ಆಗುವುದಿಲ್ಲ. ಕರ್ಸರ್ ಅಲ್ಲೇ ನಿಂತುಬಿಡುತ್ತದೆ, ಬ್ರೇಕ್ ಒತ್ತಿ ಹೊರಗೆ ಬರಬೇಕು. ಇಲ್ಲವೇ ಡಿಸ್ಕ್ ಫಾಲ್ಟ್ 18 ಅಂತ ಬರುತ್ತದೆ. ಆಗ ಸುತ್ತಲಿನವರೆಲ್ಲ ಹೇಳುವುದು ಒಂದೇ ಮಾತು: 8271 ಹೋಗಿದೆ, ಬದಲಿಸಿ.

8271 ಇಂಟೆಲ್ಲಿನ ಫ್ಲಾಪಿ ಕಂಟ್ರೋಲರ್ ಚಿಪ್. ಅದರ ತಯಾರಿಕೆ ನಿಂತು ಎಷ್ಟೋ ಕಾಲವಾಗಿದೆ, ಸಿಕ್ಕರೂ ದುಬಾರಿ. ಆದರೆ ಬಹಳ ಸಲ ಪಾಪ ಆ ಚಿಪ್‌ನ ತಪ್ಪೇ ಇರುವುದಿಲ್ಲ. ಪಿಸಿಯ ಡ್ರೈವ್ ತನ್ನದೇ ಕೆಲವು ರೂಢಿಗಳನ್ನು ಹೊತ್ತುಕೊಂಡು ಬರುತ್ತದೆ, ಹಳೇ ಯಂತ್ರಕ್ಕೆ ಅವುಗಳ ಗಂಧವೂ ಗೊತ್ತಿರುವುದಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಗಾದೆ ಇದಕ್ಕೇ ಮಾಡಿದ ಹಾಗಿದೆ. ಯಾರು ಯಾವ ಕಡೆ ಎಳೆಯುತ್ತಿದ್ದಾರೆ ಅಂತ ಪರದೆ ಮತ್ತು ಡ್ರೈವ್‌ನ ಲೈಟು ನೋಡಿಯೇ ಮುಕ್ಕಾಲು ಭಾಗ ಹೇಳಬಹುದು.

ಬಿಬಿಸಿ ಮೈಕ್ರೋ ಇಂಗ್ಲೆಂಡಿನ ಏಕಾರ್ನ್ ಕಂಪನಿಯದ್ದು, 1981ರದ್ದು. ನಮ್ಮ ದೇಶಕ್ಕೂ ಅದಕ್ಕೂ ನಂಟಿದೆ. 1984ರಲ್ಲಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು ಶುರುವಾದ ಕ್ಲಾಸ್ ಯೋಜನೆಗೆ ಆರಿಸಿಕೊಂಡಿದ್ದು ಇದೇ ಯಂತ್ರ. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್‌ನವರು ಇದನ್ನೇ ಯೂನಿಕಾರ್ನ್ ಅನ್ನುವ ಹೆಸರಿನಲ್ಲಿ ತಂದಿದ್ದರು. ಹಾಗಾಗಿ ಇದು ಬರೀ ವಿದೇಶಿ ಹವ್ಯಾಸಿಗಳ ವಿಷಯ ಅಲ್ಲ.

ಮೊದಲು ಆಸೆ ಸ್ವಲ್ಪ ಕಮ್ಮಿ ಮಾಡಿಕೊಳ್ಳಿ

1.44 ಎಂಬಿ ಡ್ರೈವ್ ಹಾಕಿದರೆ 1.44 ಎಂಬಿ ಜಾಗ ಸಿಗುತ್ತದೆ ಅಂದುಕೊಂಡಿದ್ದರೆ, ಇಲ್ಲ. ಎಷ್ಟು ತುಂಬಬಹುದು ಅನ್ನುವುದನ್ನು ತೀರ್ಮಾನಿಸುವುದು ಕಂಪ್ಯೂಟರಿನ ಒಳಗಿರುವ ಕಂಟ್ರೋಲರ್. ಪಿಸಿ 1.44 ಎಂಬಿ ಬರೆಯುವಾಗ ಸೆಕೆಂಡಿಗೆ 500 ಕಿಲೋಬಿಟ್ ಕಳಿಸುತ್ತದೆ. 8271 ಬಳಸುವುದು ಎಫ್‌ಎಂ ಅನ್ನುವ ಹಳೇ ವಿಧಾನ, ಸೆಕೆಂಡಿಗೆ 125 ಕಿಲೋಬಿಟ್ ಅಷ್ಟೇ. ಒಂದು ಟ್ರ್ಯಾಕಿಗೆ, ಅಂದರೆ ಫ್ಲಾಪಿಯ ಮೇಲಿನ ಒಂದು ಸುತ್ತಿನ ಗೆರೆಗೆ, 256 ಬೈಟಿನ 10 ಸೆಕ್ಟರ್, 80 ಟ್ರ್ಯಾಕ್, ಲೆಕ್ಕ ಹಾಕಿದರೆ ಒಂದು ಮಗ್ಗುಲಿಗೆ 200 ಕೆ. ಎರಡೂ ಮಗ್ಗುಲು ಸೇರಿ 400 ಕೆ. ನಿಮ್ಮ ಯಂತ್ರದಲ್ಲಿ 8271ರ ಬದಲು 1770 ಅನ್ನುವ ಕಂಟ್ರೋಲರ್ ಚಿಪ್ ಇದ್ದು, ಎಡಿಎಫ್‌ಎಸ್ ಅನ್ನುವ ಫೈಲ್ ವ್ಯವಸ್ಥೆಯ ರಾಮ್ (ROM) ಚಿಪ್ ಕೂಡ ಇದ್ದರೆ 640 ಕೆ. ಅಲ್ಲಿಗೆ ಮುಗಿಯಿತು.

ಒಳ್ಳೇ ಸುದ್ದಿ ಏನಪ್ಪಾ ಅಂದರೆ, 3.5 ಇಂಚಿನ ಪಿಸಿ ಡ್ರೈವ್ ಹಳೇ ವೇಗವನ್ನೂ ಓದುತ್ತದೆ, ಬರೆಯುತ್ತದೆ. ಅದೂ ನಿಮಿಷಕ್ಕೆ 300 ಸುತ್ತೇ ತಿರುಗುವುದು, ಟ್ರ್ಯಾಕ್ ಕೂಡ 80 ಇವೆ. ಎಫ್‌ಎಂ ಆದರೂ ಅದಕ್ಕೆ ಬೇಜಾರಿಲ್ಲ. ಅಂದರೆ ಈ ಜೋಡಿ ಕೆಲಸ ಮಾಡಲೇಬೇಕು. ಮಾಡುತ್ತಿಲ್ಲ ಅಂದರೆ ಎಲ್ಲೋ ಒಂದು ತಂತಿ ಅಥವಾ ಒಂದು ತೂತು ಅಡ್ಡ ಬಂದಿದೆ.

ಕರೆಂಟು

ಡ್ರೈವ್‌ಗೆ ಕೈ ಹಾಕುವ ಮೊದಲು ಕಂಪ್ಯೂಟರಿನ ಪವರ್ ಸಪ್ಲೈ ಬಿಚ್ಚಿ ನೋಡಿ. ಬಿಬಿಸಿಯ ಸಪ್ಲೈನಲ್ಲಿ ಮೇನ್ಸ್ ಫಿಲ್ಟರ್ ಕೆಪ್ಯಾಸಿಟರ್‌ಗಳು ವಯಸ್ಸಾದಂತೆ ಮೈಮೇಲೆ ಬಿರುಕು ಬಿಡುತ್ತವೆ, ಒಂದು ದಿನ ಡಬ್ ಅಂತ ಒಡೆದು ಮನೆ ತುಂಬ ಹೊಗೆ. ಮೊದಲು ಅವನ್ನು ಬದಲಿಸಿ, ಆಮೇಲೆ ಫ್ಲಾಪಿ.

ಯಂತ್ರದ ಹೊಟ್ಟೆಯ ಕೆಳಗೆ ಡ್ರೈವ್‌ಗೆಂದೇ ಒಂದು ಪವರ್ ಸಾಕೆಟ್ ಇದೆ. 5 ವೋಲ್ಟ್, 12 ವೋಲ್ಟ್ ಎರಡೂ ಸಿಗುತ್ತವೆ. 3.5 ಇಂಚಿನ ಡ್ರೈವ್‌ಗಳಲ್ಲಿ ಹೆಚ್ಚಿನವಕ್ಕೆ 5 ವೋಲ್ಟ್ ಒಂದೇ ಸಾಕು. ಅವುಗಳ ಸಣ್ಣ ನಾಲ್ಕು ಪಿನ್ನಿನ ಕನೆಕ್ಟರ್‌ನಲ್ಲಿ 1ನೇ ಪಿನ್ 5 ವೋಲ್ಟ್, ಮಧ್ಯದ ಎರಡು ಗ್ರೌಂಡ್, 4ನೇದು 12 ವೋಲ್ಟ್. ತಿರುಗಿಸಿ ಹಾಕಿದಿರೋ, ಡ್ರೈವ್ ಆಸೆ ಬಿಟ್ಟುಬಿಡಿ. ಕೇಬಲ್ ನೀವೇ ಮಾಡುತ್ತಿದ್ದರೆ ಡ್ರೈವ್‌ಗೆ ಸಿಕ್ಕಿಸುವ ಮೊದಲು ಮಲ್ಟಿಮೀಟರ್ ಇಟ್ಟು ನೋಡಿ. ಸಿಕ್ಕಿಸಿದ ಮೇಲೆ, ಮೋಟರ್ ತಿರುಗುತ್ತಿರುವಾಗ ಇನ್ನೊಮ್ಮೆ ನೋಡಿ. ಸುಮ್ನೆ ಇದ್ದಾಗ 5 ತೋರಿಸಿ ಮೋಟರ್ ಶುರುವಾದಾಗ 4.75ಕ್ಕಿಂತ ಕೆಳಗೆ ಇಳಿದರೆ, ಮುಂದೆ ಬರುವ ಎಲ್ಲ ವಿಚಿತ್ರ ತೊಂದರೆಗಳಿಗೂ ಅದೇ ಕಾರಣ ಆಗಿರಬಹುದು.

ಲೈಟು ಹತ್ತಿದ್ದು ಆರುವುದೇ ಇಲ್ಲ

ಸ್ವಿಚ್ ಹಾಕಿದ ತಕ್ಷಣ ಡ್ರೈವ್‌ನ ಹಸಿರು ಲೈಟು ಹತ್ತಿ, ಮೋಟರ್ ತಿರುಗುತ್ತಲೇ ಇದ್ದರೆ ಕೇಬಲ್ ತಲೆಕೆಳಗಾಗಿದೆ. ಬೇರೆ ಯೋಚನೆ ಬೇಡ. ಈ ಕನೆಕ್ಟರ್‌ನಲ್ಲಿ ಬೆಸ ಸಂಖ್ಯೆಯ ಪಿನ್‌ಗಳೆಲ್ಲ ಗ್ರೌಂಡ್, ಸಮ ಸಂಖ್ಯೆಯವು ಸಿಗ್ನಲ್. ಉಲ್ಟಾ ಹಾಕಿದಾಗ ಡ್ರೈವ್‌ನ ಸಿಗ್ನಲ್ ಪಿನ್‌ಗಳೆಲ್ಲ ಗ್ರೌಂಡಿಗೆ ಸಿಗುತ್ತವೆ. ಇಲ್ಲಿ ಗ್ರೌಂಡ್ ಆಗುವುದೇ ಆಜ್ಞೆ. ಹಾಗಾಗಿ ಡ್ರೈವ್ ಸೆಲೆಕ್ಟ್ ಆಯಿತು, ಮೋಟರ್ ಆನ್ ಆಯಿತು, ಜೊತೆಗೆ 24ನೇ ಪಿನ್, ಅಂದರೆ ಬರೆಯುವ ಗೇಟ್, ಅದೂ ತೆರೆಯಿತು.

ಕೊನೆಯದನ್ನು ಗಮನಿಸಿ. ಆ ಸ್ಥಿತಿಯಲ್ಲಿ ಫ್ಲಾಪಿ ಹಾಕಿದರೆ ಹೆಡ್ ನಿಂತಿರುವ ಟ್ರ್ಯಾಕ್ ಅಳಿಸಿಹೋಗುತ್ತದೆ. ಹೆಡ್ ಸಾಮಾನ್ಯವಾಗಿ ನಿಂತಿರುವುದು 0ನೇ ಟ್ರ್ಯಾಕ್ ಮೇಲೆ, ಬಿಬಿಸಿಯ ಮಾಮೂಲಿ ಫ್ಲಾಪಿ ಫೈಲ್ ವ್ಯವಸ್ಥೆಯಾದ ಡಿಎಫ್‌ಎಸ್‌ನ ಕ್ಯಾಟಲಾಗ್, ಅಂದರೆ ಫೈಲ್‌ಗಳ ಪಟ್ಟಿ, ಇರುವುದೂ ಅಲ್ಲೇ. ಅದಕ್ಕೇ ಮೊದಲ ಪರೀಕ್ಷೆಗೆ ಬೇಡದ ಫ್ಲಾಪಿಯನ್ನು, ರೈಟ್ ಪ್ರೊಟೆಕ್ಟ್ ಮಾಡಿ ಹಾಕಿ. 3.5 ಇಂಚಿನದ್ದರಲ್ಲಿ ಕಿಂಡಿ ತೆರೆದಿದ್ದರೆ ರಕ್ಷಣೆ. 5.25 ಇಂಚಿನದ್ದರಲ್ಲಿ ಅಂಚಿನ ಕಚ್ಚು ಮುಚ್ಚಿದ್ದರೆ ರಕ್ಷಣೆ. ಇದನ್ನು ಉಲ್ಟಾ ಮಾಡಿಟ್ಟವರು ಯಾರೋ, ಅವರನ್ನು ಕೇಳಬೇಕು.

ಕೇಬಲ್‌ನ ಕೆಂಪು ಗೆರೆ 1ನೇ ಪಿನ್ ಕಡೆಗೆ. ಕೆಲವು ಪಿಸಿ ಡ್ರೈವ್‌ಗಳಲ್ಲಿ ಕನೆಕ್ಟರ್‌ಗೆ ಸುತ್ತ ಪ್ಲಾಸ್ಟಿಕ್ ಗೋಡೆಯಾಗಲೀ ಕಚ್ಚಾಗಲೀ ಇರುವುದಿಲ್ಲ, ಹೇಗೆ ಬೇಕಾದರೂ ಕೂರುತ್ತದೆ. ಸರ್ಕ್ಯೂಟ್ ಬೋರ್ಡಿನ ಮೇಲೆ 1, 2, 33, 34 ಅಂತ ಎಲ್ಲಾದರೂ ಅಚ್ಚು ಹಾಕಿರುತ್ತಾರೆ, ಟಾರ್ಚ್ ಹಿಡಿದು ಹುಡುಕಿ.

ಲೈಟೇ ಹತ್ತುವುದಿಲ್ಲ

ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ. ಪಿಸಿಯವರು ಜಂಪರ್ (ಪಿನ್‌ಗಳಿಗೆ ಸಿಕ್ಕಿಸುವ ಪುಟ್ಟ ತುಂಡು) ಹಾಕುವ ತಾಪತ್ರಯ ಬೇಡ ಅಂತ ಎಲ್ಲ ಡ್ರೈವ್‌ಗಳನ್ನೂ ಎರಡನೇ ಡ್ರೈವ್ ಅಂತಲೇ ಗೊತ್ತುಮಾಡಿ, ಕೇಬಲ್‌ನಲ್ಲಿ 10ರಿಂದ 16ರವರೆಗಿನ ತಂತಿಗಳನ್ನು ತಿರುಚಿ ಎ ಯಾವುದು ಬಿ ಯಾವುದು ಅಂತ ಬೇರೆ ಮಾಡಿದರು. ಬಿಬಿಸಿಯಲ್ಲಿ ಹಾಗಿಲ್ಲ. ಅದರಲ್ಲಿ 10ನೇ ಪಿನ್ ಡ್ರೈವ್ 0, 12ನೇ ಪಿನ್ ಡ್ರೈವ್ 1, 16ನೇದು ಎಲ್ಲರಿಗೂ ಸೇರಿ ಮೋಟರ್. ಪಿಸಿ ಡ್ರೈವ್ ಕಿವಿಗೊಡುವುದು 12ನೇ ಪಿನ್ನಿಗೆ ಮಾತ್ರ.

ಈಗ ನೋಡಿ. ತಿರುಚು ಇಲ್ಲದ ನೇರ ಕೇಬಲ್ ಹಾಕಿದ್ದರೆ ನಿಮ್ಮ ಡ್ರೈವ್ ಕೆಟ್ಟಿಲ್ಲ, ಅದು ಡ್ರೈವ್ 1 ಆಗಿ ಕೂತಿದೆ, ನೀವು 0 ಅಂತ ಕರೆಯುತ್ತಿದ್ದೀರಿ. *ಕ್ಯಾಟ್ 1 ಅಂತ ಟೈಪ್ ಮಾಡಿ. ಲೈಟು ಹತ್ತಿ ಪಟ್ಟಿ ಬಂದರೆ ಚಿಪ್, ಡ್ರೈವ್, ಕೇಬಲ್ ಎಲ್ಲ ಸರಿ ಇವೆ. ಎದ್ದು ಒಂದು ಕಾಫಿ ಕುಡಿದು ಬನ್ನಿ.

ಪಿಸಿಯ ತಿರುಚಿದ ಕೇಬಲ್‌ನ ಕೊನೆಯ ಕನೆಕ್ಟರ್ ಬಳಸಿದ್ದರೆ ಕಥೆ ಬೇರೆ. ಬಿಬಿಸಿಯ 10ನೇ ತಂತಿ ಹೋಗಿ ಡ್ರೈವ್‌ನ ಮೋಟರ್ ಪಿನ್ನಿಗೆ ಸೇರುತ್ತದೆ, ಮೋಟರ್ ತಂತಿ ಹೋಗಿ ಡ್ರೈವ್ ಕೇಳಿಸಿಕೊಳ್ಳದ 10ನೇ ಪಿನ್ನಿಗೆ ಸೇರುತ್ತದೆ, ಸೆಲೆಕ್ಟ್ ಪಿನ್ನಿಗೆ ಬಿಬಿಸಿ ಬಳಸದ 14ನೇ ತಂತಿ ಬಂದು ಕೂತಿರುತ್ತದೆ. ಇದರ ಗುರುತು: *ಕ್ಯಾಟ್ ಕೊಟ್ಟಾಗ ಮೋಟರ್ ತಿರುಗುವ ಸದ್ದು ಬರುತ್ತದೆ, ಲೈಟು ಮಾತ್ರ ಹತ್ತುವುದಿಲ್ಲ. ಇಂಥ ಕೇಬಲ್ ಇದ್ದರೆ ಮಧ್ಯದ ಕನೆಕ್ಟರ್ ಬಳಸಿ, ಅಲ್ಲಿಯವರೆಗೆ ತಂತಿ ನೇರವಾಗಿಯೇ ಇರುತ್ತದೆ, ಡ್ರೈವ್ 1 ಆಗಿ ಸಿಗುತ್ತದೆ.

ಡ್ರೈವ್ 0 ಆಗಿಯೇ ಬೇಕು, ಶಿಫ್ಟ್ ಒತ್ತಿ ಬ್ರೇಕ್ ಹೊಡೆದರೆ ಆಟ ಶುರುವಾಗಬೇಕು ಅನ್ನುವವರಿಗೆ ಎರಡು ದಾರಿ. ಡ್ರೈವ್‌ನ ಮೇಲೆ ಜಂಪರ್ ಇದ್ದರೆ ಅದನ್ನು ಸರಿಸಿ. ಆಮೇಲೆ ಬಂದ ಡ್ರೈವ್‌ಗಳಲ್ಲಿ ಜಂಪರ್ ತೆಗೆದು ಸಾಸಿವೆ ಕಾಳಿನಷ್ಟು ಚಿಕ್ಕ ಬೆಸುಗೆ ಚುಕ್ಕೆಗಳನ್ನು ಬಿಟ್ಟಿದ್ದಾರೆ, ಕೆಲವದರಲ್ಲಿ ಅದೂ ಇಲ್ಲ. ಹಾಗಿದ್ದರೆ ಕೇಬಲ್ ನೀವೇ ಮಾಡಿಕೊಳ್ಳಿ. ಬರೀ 10, 11, 12, ಈ ಮೂರು ತಂತಿಗಳನ್ನು ಮಾತ್ರ ಒಟ್ಟಿಗೆ ಬಿಡಿಸಿ, ಒಂದು ಸಲ ಮಗುಚಿ, ಕನೆಕ್ಟರ್‌ಗೆ ಒತ್ತಿ. 10 ಮತ್ತು 12 ಅದಲುಬದಲಾಗುತ್ತವೆ, ಮಧ್ಯದ 11 ಗ್ರೌಂಡ್, ಅದು ಅಲ್ಲೇ ಇರುತ್ತದೆ. 16ನೇ ತಂತಿಗೆ ಕೈ ಹಚ್ಚಬೇಡಿ. ಬೆಂಗಳೂರಿನವರಾದರೆ ಎಸ್.ಪಿ. ರೋಡಿನಲ್ಲಿ 34 ತಂತಿಯ ರಿಬ್ಬನ್ನೂ ಒತ್ತುವ ಕನೆಕ್ಟರ್ರೂ ವಿಚಾರಿಸಿ. ಕ್ರಿಂಪಿಂಗ್ ಟೂಲ್ ಇಲ್ಲದಿದ್ದರೆ ಬೆಂಚ್ ವೈಸ್‌ನಲ್ಲಿ ಮೆಲ್ಲಗೆ ಬಿಗಿ ಮಾಡಿದರೂ ನಡೆಯುತ್ತದೆ, ಸುತ್ತಿಗೆ ಮಾತ್ರ ಬೇಡ.

ಬಿಬಿಸಿ ಮೈಕ್ರೋ ನಂತರ ಬಂದ ಮಾಡೆಲ್ ಆದ ಮಾಸ್ಟರ್ ಇರುವವರಿಗೆ ಒಂದು ಮಾತು. ಅದು ಎಡಿಎಫ್‌ಎಸ್‌ನಲ್ಲಿ ಶುರುವಾಗುವಂತೆ ಹೊಂದಿಸಿದ್ದರೆ ಡಿಎಫ್‌ಎಸ್ ಫ್ಲಾಪಿ ಹಾಕಿ ಎಷ್ಟು ಕ್ಯಾಟ್ ಅಂದರೂ ಬೈಗುಳವೇ ಬರುವುದು. *ಡಿಸ್ಕ್ ಅಂತ ಕೊಟ್ಟು ಆಮೇಲೆ ನೋಡಿ.

ಫಾಲ್ಟ್ ನಂಬರ್ ಸುಮ್ನೆ ಬರುವುದಿಲ್ಲ

8271 ತನಗೆ ಏನಾಯಿತು ಅಂತ ಒಂದು ನಂಬರ್ ಕೊಡುತ್ತದೆ, ಪರದೆಯ ಮೇಲೆ ಬರುವುದು ಅದೇ. ಜನ ಅದನ್ನು ಓದದೆ ಫೋಟೋ ತೆಗೆದು ಕಳಿಸುತ್ತಾರೆ. ಓದಿದರೆ ಅರ್ಧ ಕೆಲಸ ಮುಗಿಯುತ್ತದೆ.

10 ಅಂದರೆ ಡ್ರೈವ್ ತಯಾರಿಲ್ಲ. ಸೆಲೆಕ್ಟ್, ಮೋಟರ್, ಇಂಡೆಕ್ಸ್, ಈ ಮೂರರಲ್ಲಿ ಒಂದು. ಬಿಬಿಸಿ 34ನೇ ಪಿನ್ನಿನ ರೆಡಿ ಸಿಗ್ನಲ್ ಕಾಯುವುದಿಲ್ಲ. 8ನೇ ಪಿನ್ನಿನಲ್ಲಿ ಸುತ್ತಿಗೊಮ್ಮೆ ಬರುವ ಇಂಡೆಕ್ಸ್ ಪಲ್ಸ್ ನೋಡಿ ಫ್ಲಾಪಿ ತಿರುಗುತ್ತಿದೆ ಅಂತ ತಿಳಿದುಕೊಳ್ಳುತ್ತದೆ. ಆ ತಂತಿ ಕನೆಕ್ಟರ್‌ನಲ್ಲಿ ಸರಿಯಾಗಿ ಕಚ್ಚದಿದ್ದರೆ, ಮೋಟರ್ ತಿರುಗಿ ಲೈಟೂ ಹತ್ತಿ ಯಂತ್ರ ಮಾತ್ರ ಕಾಯುತ್ತಾ ಕೂರುತ್ತದೆ.

12 ರೈಟ್ ಪ್ರೊಟೆಕ್ಟ್. 14 ಅಂದರೆ 0ನೇ ಟ್ರ್ಯಾಕ್ ಸಿಗಲಿಲ್ಲ. ಹೆಡ್ ಸರಿಯುವ ಸ್ಕ್ರೂ ಮೇಲೆ ಗ್ರೀಸ್ ಒಣಗಿ ಗಟ್ಟಿಯಾಗಿರಬಹುದು, ಅಥವಾ 20, 26ನೇ ತಂತಿಗಳನ್ನು ನೋಡಿ. 16 ಬರೆಯುವಾಗಿನ ದೋಷ.

0ಇ (ಪರದೆಯಲ್ಲಿ 0E) ಅಂದರೆ ಸೆಕ್ಟರ್ ಸಿಕ್ಕಿತು, ಒಳಗಿನ ಮಾಹಿತಿಯ ಲೆಕ್ಕ ತಾಳೆಯಾಗಲಿಲ್ಲ. 0ಸಿ (0C) ಅಂದರೆ ಸೆಕ್ಟರ್‌ನ ವಿಳಾಸದ ಲೆಕ್ಕವೇ ತಾಳೆಯಾಗಲಿಲ್ಲ. ಇವೆರಡೂ ಆಗೊಮ್ಮೆ ಈಗೊಮ್ಮೆ ಬಂದರೆ ಫ್ಲಾಪಿ ಹಳೆಯದು, ಹೆಡ್ ಕೊಳೆ, ಇಲ್ಲವೇ ಕರೆಂಟು ಕಮ್ಮಿ. ಚಿಪ್ ಅಲ್ಲ.

18 ಅಂದರೆ ಸೆಕ್ಟರ್ ಸಿಗಲೇ ಇಲ್ಲ. ದೊಡ್ಡ ಡ್ರೈವ್ ಹಾಕಿದವರಿಗೆ ಹೆಚ್ಚಾಗಿ ಬರುವುದು ಇದೇ. ಎಲ್ಲಿ ಸಿಗಲಿಲ್ಲ ಅನ್ನುವುದನ್ನೂ ಅದು ಹೇಳುತ್ತದೆ, ಟ್ರ್ಯಾಕ್ ಮತ್ತು ಸೆಕ್ಟರ್ ನಂಬರ್ ಪಕ್ಕದಲ್ಲೇ ಇರುತ್ತದೆ. 00/00 ಅಂತಿದ್ದರೆ ಮೊದಲ ಹೆಜ್ಜೆಯಲ್ಲೇ ಎಡವಿದೆ, ಅಂದರೆ ಡೆನ್ಸಿಟಿ ಅಥವಾ ವೇಗದ ಗೊಂದಲ, ಇಲ್ಲವೇ ಫಾರ್ಮ್ಯಾಟ್ ಆಗದ ಫ್ಲಾಪಿ. ಕ್ಯಾಟಲಾಗ್ ಚೆನ್ನಾಗಿ ಬಂದು, ಫೈಲ್ ಲೋಡ್ ಮಾಡುವಾಗ ಮುಂದಿನ ಟ್ರ್ಯಾಕ್‌ನಲ್ಲಿ 18 ಬಂದರೆ ಅದು 40 ಮತ್ತು 80 ಟ್ರ್ಯಾಕ್‌ನ ಜಗಳ. ಕೆಳಗೆ ಬರುತ್ತೇನೆ.

ಇನ್ನೊಂದು ಚಿಕ್ಕ ಪರೀಕ್ಷೆ. ಡಿಎಫ್‌ಎಸ್‌ನಲ್ಲಿ ಡ್ರೈವ್ 0ರ ಎರಡನೇ ಮಗ್ಗುಲನ್ನು ಡ್ರೈವ್ 2 ಅಂತ ಕರೆಯುತ್ತಾರೆ. *ಕ್ಯಾಟ್ 0 ಮತ್ತು *ಕ್ಯಾಟ್ 2 ಎರಡಕ್ಕೂ ಅದೇ ಪಟ್ಟಿ ಬಂದರೆ 32ನೇ ತಂತಿ, ಅಂದರೆ ಮಗ್ಗುಲು ಆರಿಸುವುದು, ಕಡಿದಿದೆ.

ಆ ಮೂಲೆಯ ತೂತು

3.5 ಇಂಚಿನ ಎಚ್‌ಡಿ (ಹೈ ಡೆನ್ಸಿಟಿ, ಅಂದರೆ 1.44 ಎಂಬಿ) ಫ್ಲಾಪಿಯನ್ನು ಬೆಳಕಿಗೆ ಹಿಡಿಯಿರಿ. ಎರಡು ಮೂಲೆಯಲ್ಲಿ ಎರಡು ಚೌಕ ಕಿಂಡಿ. ಒಂದರಲ್ಲಿ ಜಾರುವ ಪ್ಲಾಸ್ಟಿಕ್ ತುಂಡು ಇದೆ, ಅದು ರೈಟ್ ಪ್ರೊಟೆಕ್ಟ್. ಇನ್ನೊಂದು ಸುಮ್ನೆ ತೂತು. ಹಳೇ ಡಿಡಿ (ಡಬಲ್ ಡೆನ್ಸಿಟಿ) ಫ್ಲಾಪಿಯಲ್ಲಿ ಈ ಎರಡನೇ ತೂತು ಇರುವುದಿಲ್ಲ. ಪಿಸಿ ಡ್ರೈವ್‌ನ ಬಾಯಿ ಒಳಗೆ ಇಣುಕಿದರೆ ಆ ಜಾಗಕ್ಕೆ ಸರಿಯಾಗಿ ಒಂದು ಪುಟ್ಟ ಗುಂಡಿ ಕಾಣುತ್ತದೆ. ತೂತು ಇದ್ದರೆ ಗುಂಡಿ ಮೇಲೇ ಇರುತ್ತದೆ, ಡ್ರೈವ್ ಎಚ್‌ಡಿ ಅಂತ ತಿಳಿದುಕೊಂಡು ಬರೆಯುವ ಕರೆಂಟನ್ನೂ ಓದುವ ಫಿಲ್ಟರನ್ನೂ ಬದಲಿಸಿಕೊಳ್ಳುತ್ತದೆ. ಕಂಪ್ಯೂಟರ್‌ಗೆ ಒಂದು ಮಾತೂ ಹೇಳುವುದಿಲ್ಲ. ಕಂಪ್ಯೂಟರ್ ಕೇಳುವುದೂ ಇಲ್ಲ, ಅದು ಹುಟ್ಟಿದಾಗ ಈ ತೂತೇ ಇರಲಿಲ್ಲ.

ಇದರ ಲಕ್ಷಣ ಬಹಳ ಮೋಸದ್ದು. ಒಂದು ಡ್ರೈವ್ ಏನೂ ತಕರಾರಿಲ್ಲದೆ ಒಪ್ಪಿಕೊಂಡು ಕೆಲಸ ಮಾಡುತ್ತದೆ. ಇನ್ನೊಂದು ಫಾರ್ಮ್ಯಾಟ್ ಮಾಡಿ, ವೆರಿಫೈನಲ್ಲಿ ಎಡವುತ್ತದೆ. ಮತ್ತೊಂದು ವೆರಿಫೈ ಕೂಡ ದಾಟಿ, ಸ್ವಲ್ಪ ದಿನ ಬಿಟ್ಟು ತೆಗೆದರೆ ಒಳಗಿನ ಟ್ರ್ಯಾಕ್‌ಗಳಲ್ಲಿ 0ಇ ತೋರಿಸುತ್ತದೆ. ಒಳಗಿನ ಟ್ರ್ಯಾಕ್ ಸುತ್ತಳತೆ ಚಿಕ್ಕದು, ಬಿಟ್‌ಗಳು ಅಲ್ಲೇ ಜಾಸ್ತಿ ಒತ್ತಿಕೊಂಡಿರುವುದು, ಹಾಗಾಗಿ ತೊಂದರೆ ಮೊದಲು ಕಾಣುವುದು 60, 70ರ ಆಚೆ. ನಿಮ್ಮ ಫಾಲ್ಟ್‌ಗಳೆಲ್ಲ ದೊಡ್ಡ ಟ್ರ್ಯಾಕ್ ನಂಬರ್‌ಗಳಲ್ಲೇ ಬರುತ್ತಿದ್ದರೆ ಮೊದಲು ಈ ತೂತನ್ನೇ ಅನುಮಾನಿಸಿ.

ಮದ್ದು ಸುಲಭ, ತೂತು ಮುಚ್ಚಿ. ಆದರೆ ಹೇಗೆ ಮುಚ್ಚುತ್ತೀರಿ ಅನ್ನುವುದು ಮುಖ್ಯ. ತೆಳು ಸೆಲ್ಲೋ ಟೇಪ್ ಒಂದು ಪದರ ಅಂಟಿಸಿದರೆ ಗುಂಡಿ ಅದನ್ನು ಒಳಕ್ಕೆ ತಳ್ಳಿಬಿಡುತ್ತದೆ. ಕೆಲವು ಡ್ರೈವ್ ಗುಂಡಿಯ ಬದಲು ಬೆಳಕಿನಿಂದ ನೋಡುತ್ತವೆ, ಅವಕ್ಕೆ ಪಾರದರ್ಶಕ ಟೇಪ್ ಇದ್ದೂ ಇಲ್ಲದ ಹಾಗೆ. ಕಪ್ಪು ಇನ್ಸುಲೇಶನ್ ಟೇಪ್ ದಪ್ಪ, ನಮ್ಮ ಏಪ್ರಿಲ್ ಸೆಖೆಗೆ ಗೋಂದು ಬಿಟ್ಟು ಡ್ರೈವ್ ಒಳಗೇ ಅಂಟಿಕೊಳ್ಳುತ್ತದೆ. ಫ್ಲಾಪಿ ಜೊತೆ ಬರುವ ಗಟ್ಟಿ ಕಾಗದದ ಲೇಬಲ್ ಇದೆಯಲ್ಲ, ಅದನ್ನೇ ಕತ್ತರಿಸಿ ಎರಡೂ ಕಡೆ ಅಂಟಿಸಿ ಉಗುರಿನಿಂದ ತೀಡಿ. ಅದೇ ಫ್ಲಾಪಿಯನ್ನು ಹಿಂದೆ ಪಿಸಿಯಲ್ಲಿ 1.44ಕ್ಕೆ ಫಾರ್ಮ್ಯಾಟ್ ಮಾಡಿದ್ದರೆ, ಮುಚ್ಚಿದ ಮೇಲೆ ಒಂದು ಬಲವಾದ ಅಳಿಸುವ ಅಯಸ್ಕಾಂತದಿಂದ ಪೂರ್ತಿ ಅಳಿಸಿ ಹೊಸದಾಗಿ ಫಾರ್ಮ್ಯಾಟ್ ಮಾಡುವುದು ಕ್ಷೇಮ.

ಎಚ್‌ಡಿ ಫ್ಲಾಪಿ ಡಿಡಿ ಕೆಲಸಕ್ಕೆ ನಿಜಕ್ಕೂ ಸರಿಹೊಂದುತ್ತದಾ ಅಂತ ಕೇಳಿದರೆ, 3.5 ಇಂಚಿನಲ್ಲಿ ಹೊಂದುತ್ತದೆ ಅನ್ನಬಹುದು. ಎರಡರ ಕಾಂತೀಯ ಗಡಸುತನ ಹತ್ತಿರ ಹತ್ತಿರ, ಒಂದು 600 ಅರ್ಸ್ಟೆಡ್ ಮೇಲೆ, ಇನ್ನೊಂದು 700ರ ಮೇಲೆ. 5.25 ಇಂಚಿನಲ್ಲಿ ಮಾತ್ರ ಬೇಡವೇ ಬೇಡ. ಅಲ್ಲಿ ಡಿಡಿ ಸುಮಾರು 300, ಎಚ್‌ಡಿ ಸುಮಾರು 600. ಹಳೇ ಡ್ರೈವ್‌ನ ಮೆಲ್ಲನೆ ಕರೆಂಟಿಗೆ ಎಚ್‌ಡಿ ಹಾಳೆ ಜಗ್ಗುವುದೇ ಇಲ್ಲ. ಸೋನಿ ಕೂಡ 2011ರಲ್ಲಿ ಫ್ಲಾಪಿ ಮಾರುವುದು ನಿಲ್ಲಿಸಿದ ಮೇಲೆ ಸಿಗುವುದೆಲ್ಲ ಹಳೇ ದಾಸ್ತಾನು, ಅದರಲ್ಲಿ ಡಿಡಿ ಅಪರೂಪ. ಹಾಗಾಗಿ ಈ ಲೇಬಲ್ ಅಂಟಿಸುವ ಕೆಲಸ ತಪ್ಪಿದ್ದಲ್ಲ.

5.25 ಇಂಚಿನ 1.2 ಎಂಬಿ ಡ್ರೈವ್: ನನ್ನ ಕೇಳಿದರೆ ಬೇಡ

ಇದು 1984ರಲ್ಲಿ ಐಬಿಎಂ ಪಿಸಿ ಏಟಿ ಜೊತೆ ಬಂದ ಡ್ರೈವ್. ನೋಡಲು ಬಿಬಿಸಿಯ 80 ಟ್ರ್ಯಾಕ್ ಡ್ರೈವ್ ಥರವೇ. ಕನೆಕ್ಟರ್ ಕೂಡ ಅದೇ. ಆದರೆ ತಿರುಗುವುದು ನಿಮಿಷಕ್ಕೆ 360 ಸುತ್ತು.

60 ಸುತ್ತು ಜಾಸ್ತಿ ಆದರೆ ಏನು ಮಹಾ ಅನಿಸಬಹುದು. ಲೆಕ್ಕ ಹಾಕಿ. 300 ಸುತ್ತು ಅಂದರೆ ಸೆಕೆಂಡಿಗೆ 5 ಸುತ್ತು. 8271 ಸೆಕೆಂಡಿಗೆ 1,25,000 ಬಿಟ್ ಬರೆಯುತ್ತದೆ, ಒಂದು ಸುತ್ತಿಗೆ 25,000 ಬಿಟ್, ಅಂದರೆ 3,125 ಬೈಟ್. 360 ಆದರೆ ಸೆಕೆಂಡಿಗೆ 6 ಸುತ್ತು, ಒಂದು ಸುತ್ತಿಗೆ ಸಿಗುವುದು ಸುಮಾರು 2,604 ಬೈಟ್. ಡಿಎಫ್‌ಎಸ್‌ಗೆ ಬರೀ ಮಾಹಿತಿಗೇ 10 ಸೆಕ್ಟರ್ ಸೇರಿ 2,560 ಬೈಟ್ ಬೇಕು. ಉಳಿಯುವುದು 44. ಪ್ರತಿ ಸೆಕ್ಟರಿಗೂ ವಿಳಾಸ, ಲೆಕ್ಕ ತಾಳೆ ನೋಡುವ ಬೈಟ್, ನಡುವೆ ಖಾಲಿ ಜಾಗ, ಇವೆಲ್ಲ ಬೇಡವಾ? ಆ 44ರಲ್ಲಿ ಒಂದು ಸೆಕ್ಟರಿನದ್ದೂ ನೆಟ್ಟಗೆ ಕೂರುವುದಿಲ್ಲ.

ಹಾಗಾಗಿ ಕಾಣುವುದು ಇಷ್ಟು: ಫಾರ್ಮ್ಯಾಟ್ ಕೊಟ್ಟಾಗ ಹೆಡ್ ಟಕ್ ಟಕ್ ಅಂತ 80 ಟ್ರ್ಯಾಕೂ ನಡೆಯುತ್ತದೆ, ಎಲ್ಲ ಸರಿ ಇದೆ ಅನಿಸುತ್ತದೆ. ಆದರೆ ಕೊನೆಯ ಸೆಕ್ಟರ್ ಬರುವಷ್ಟರಲ್ಲಿ ಸುತ್ತು ಮುಗಿದಿರುತ್ತದೆ. ಒಂದೋ ಕೊನೆಯದು ಅರ್ಧಕ್ಕೆ ನಿಲ್ಲುತ್ತದೆ, ಇಲ್ಲ ಮೊದಲನೆಯದರ ಮೇಲೆ ಹತ್ತಿ ಕೂರುತ್ತದೆ. ವೆರಿಫೈ ಮಾಡಿದರೆ ಪ್ರತಿ ಟ್ರ್ಯಾಕಿನಲ್ಲೂ ಒಂದೇ ಥರದ ತಪ್ಪು. ಬೇರೆ ಡ್ರೈವ್‌ನಲ್ಲಿ ಬರೆದ ಫ್ಲಾಪಿಯನ್ನು ಇದರಲ್ಲಿ ಓದಲು ಹೋದರೆ ಬಿಟ್‌ಗಳು ಶೇ. 20ರಷ್ಟು ಬೇಗ ಬರುತ್ತವೆ, ಕಂಟ್ರೋಲರ್‌ಗೆ ತಲೆಬುಡ ತಿಳಿಯದೆ 18 ಅನ್ನುತ್ತದೆ. 1770 ಇದ್ದರೂ ಬಚಾವಿಲ್ಲ.

ಡ್ರೈವ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಅಂತ ನೋಡುವುದು ಹೇಗೆ? ಬೆಲ್ಟ್ ಇರುವ ಹಳೇ ಡ್ರೈವ್ ಮಗುಚಿದರೆ ಅಡಿಯ ಚಕ್ರದ ಮೇಲೆ ಎರಡು ಉಂಗುರದಲ್ಲಿ ಕಪ್ಪು ಗೆರೆಗಳು ಇರುತ್ತವೆ, ಒಂದರ ಪಕ್ಕ 50, ಇನ್ನೊಂದರ ಪಕ್ಕ 60. ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಕೆಳಗೆ ಹಿಡಿದು ಮೋಟರ್ ಓಡಿಸಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ 50ರ ಉಂಗುರದ ಗೆರೆಗಳು ನಿಂತಲ್ಲೇ ನಿಂತ ಹಾಗೆ ಕಂಡರೆ ವೇಗ ಸರಿ. ಎಲ್‌ಇಡಿ ಬಲ್ಬಿನ ಕೆಳಗೆ ಇದನ್ನು ನಂಬಬೇಡಿ. ಬೆಲ್ಟ್ ಇಲ್ಲದ ಡ್ರೈವ್‌ಗಳಲ್ಲಿ ಈ ಉಂಗುರ ಸಿಗುವುದು ಕಷ್ಟ. ಆಗ 8ನೇ ಪಿನ್ನಿನ ಇಂಡೆಕ್ಸ್ ಪಲ್ಸ್ ಅಳೆಯಿರಿ. 200 ಮಿಲಿಸೆಕೆಂಡಿಗೊಮ್ಮೆ ಬಂದರೆ 300 ಸುತ್ತು. ಸುಮಾರು 167ಕ್ಕೆ ಬಂದರೆ 360.

ಕೆಲವು 1.2 ಎಂಬಿ ಡ್ರೈವ್‌ಗಳು ಎರಡೂ ವೇಗದಲ್ಲಿ ತಿರುಗಬಲ್ಲವು, ಜಂಪರ್ ಹಾಕಿ 2ನೇ ಪಿನ್ನಿನಿಂದ ವೇಗ ಆರಿಸಬಹುದು. ಬಿಬಿಸಿ ಆ ತಂತಿಯನ್ನು ಬಳಸುವುದಿಲ್ಲ, ಹಾಗಾಗಿ ಡ್ರೈವ್ ಬದಿಯಲ್ಲೇ ಅದನ್ನು ಕಟ್ಟಿಹಾಕಬೇಕು. ಆ ಮಾಡೆಲ್‌ನ ಜಂಪರ್ ಪಟ್ಟಿ ಕೈಯಲ್ಲಿದ್ದರೆ ಮಾತ್ರ ಇದಕ್ಕೆ ಇಳಿಯಿರಿ. ಅಂದಾಜಿನ ಮೇಲೆ ಜಂಪರ್ ಕಿತ್ತು ಹಾಕುತ್ತಾ ಕೂತರೆ ಸಂಜೆ ಕಳೆಯುತ್ತದೆ ಅಷ್ಟೇ.

40ರ ಫ್ಲಾಪಿ, 80ರ ಡ್ರೈವ್

ವೇಗ ಸರಿ ಮಾಡಿದಿರಿ ಅಂದುಕೊಳ್ಳಿ. ಹಳೇ 5.25 ಇಂಚಿನ ಆಟಗಳು ಬಹಳಷ್ಟು 40 ಟ್ರ್ಯಾಕಿನವು, ಇಂಚಿಗೆ 48 ಟ್ರ್ಯಾಕ್. 80ರ ಡ್ರೈವ್ ಇಂಚಿಗೆ 96 ಲೆಕ್ಕದಲ್ಲಿ ಹೆಜ್ಜೆ ಇಡುತ್ತದೆ. 0ನೇ ಟ್ರ್ಯಾಕ್ ಇಬ್ಬರಿಗೂ ಒಂದೇ ಜಾಗ, ಹಾಗಾಗಿ ಕ್ಯಾಟಲಾಗ್ ಚೆನ್ನಾಗಿ ಬರುತ್ತದೆ. ಮುಂದಿನ ಹೆಜ್ಜೆಗೇ 18. ಬಿಬಿಸಿಗೆ ಅಂತ ಮಾಡಿದ ಡ್ರೈವ್‌ಗಳ ಹಿಂದೆ ಮುಂದೆ 40/80 ಅಂತ ಒಂದು ಸ್ವಿಚ್ ಇರುತ್ತಿತ್ತು, ಅದು ಒಂದು ಹೆಜ್ಜೆಗೆ ಎರಡು ಹೆಜ್ಜೆ ಇಡಿಸುತ್ತದೆ. ಪಿಸಿ ಡ್ರೈವ್‌ನಲ್ಲಿ ಅದಿಲ್ಲ. ಎರಡೆರಡು ಹೆಜ್ಜೆ ಇಡಿಸುವ ಡಿಎಫ್‌ಎಸ್ ಇದ್ದರೆ ಅದರಿಂದ ಮಾಡಿಸಬೇಕು.

ಓದುವುದೇನೋ ನಡೆಯುತ್ತದೆ. ಬರೆಯುವುದರಲ್ಲಿ ಒಂದು ಕುತ್ತು ಇದೆ. 80ರ ಡ್ರೈವ್‌ನ ಹೆಡ್ ಕಿರಿದು. 40ರ ಡ್ರೈವ್ ಬರೆದ ಅಗಲದ ಗೆರೆಯ ಮಧ್ಯದಲ್ಲಿ ಕಿರಿದಾಗಿ ಹೊಸದು ಬರೆದರೆ ಎರಡೂ ಅಂಚಿನಲ್ಲಿ ಹಳೆಯದು ಹಾಗೇ ಉಳಿಯುತ್ತದೆ. ಇದೇ ಡ್ರೈವ್‌ನಲ್ಲಿ ಓದಿದರೆ ಸರಿ, ವಾಪಸ್ 40ರ ಡ್ರೈವ್‌ಗೆ ಹಾಕಿದರೆ ಹೊಸದೂ ಹಳೆಯದೂ ಒಟ್ಟಿಗೆ ಕೇಳಿಸಿ ಯಾವುದೂ ಅರ್ಥವಾಗುವುದಿಲ್ಲ. ಅಂಥ ಫ್ಲಾಪಿಗೆ ಬರೆಯಲೇಬೇಕು ಅಂದರೆ ಪೂರ್ತಿ ಅಳಿಸಿ ಮೊದಲಿನಿಂದ ಕಿರಿದಾದ ಹೆಡ್ಡಿನಲ್ಲೇ ಫಾರ್ಮ್ಯಾಟ್ ಮಾಡಿ.

ಬೇರೆ ಯಂತ್ರಗಳಲ್ಲಿ

ಆಮ್‌ಸ್ಟ್ರಾಡ್ ಸಿಪಿಸಿ 6128 ಇದ್ದವರಿಗೆ ಲೈಟು ಹತ್ತಿ ಮೋಟರ್ ತಿರುಗಿದರೂ "ಡ್ರೈವ್ ಎ: ಡಿಸ್ಕ್ ಮಿಸ್ಸಿಂಗ್" ಅಂತಲೇ ಬರುತ್ತದೆ. ಅದು ಬಿಬಿಸಿ ಥರ ಅಲ್ಲ, 34ನೇ ಪಿನ್ನಿನಲ್ಲಿ ರೆಡಿ ಸಿಗ್ನಲ್ ಬೇಕೇ ಬೇಕು ಅನ್ನುತ್ತದೆ. ಪಿಸಿ ಡ್ರೈವ್ ಆ ಪಿನ್ನಿನಲ್ಲಿ ಕೊಡುವುದು ಫ್ಲಾಪಿ ಬದಲಾಯಿತು ಅನ್ನುವ ಸಿಗ್ನಲ್. ಡ್ರೈವ್ ಕಡೆಯ 34ನೇ ತಂತಿ ಕತ್ತರಿಸಿ, ಕಂಪ್ಯೂಟರ್ ಕಡೆಯ ತುದಿಯನ್ನು ಪಕ್ಕದ ಗ್ರೌಂಡಿಗೆ ಸೇರಿಸಿದರೆ ಯಾವಾಗಲೂ ರೆಡಿ ಅಂದುಕೊಳ್ಳುತ್ತದೆ. ಫ್ಲಾಪಿ ಇಲ್ಲದಾಗ ಕ್ಯಾಟ್ ಕೊಟ್ಟರೆ ಮಾತ್ರ ಯಂತ್ರ ಸಿಕ್ಕಿಹಾಕಿಕೊಳ್ಳುತ್ತದೆ, ಅಷ್ಟು ಸಹಿಸಿಕೊಳ್ಳಿ. ಒಳಗಿನ 3 ಇಂಚಿನ ಡ್ರೈವ್ ತೆಗೆದು ಅದರ ಜಾಗಕ್ಕೆ ಹಾಕುವವರು ಎಚ್ಚರ: ಆಮ್‌ಸ್ಟ್ರಾಡ್‌ನವರ ಪವರ್ ಕನೆಕ್ಟರ್‌ನಲ್ಲಿ 5 ಮತ್ತು 12 ವೋಲ್ಟ್ ಪಿಸಿಗೆ ಅದಲುಬದಲು. ಸ್ಪೆಕ್ಟ್ರಮ್ ಪ್ಲಸ್ 3ರಲ್ಲೂ ಹಾಗೇ. ಕನೆಕ್ಟರ್ ಕೂರುತ್ತದೆ ಅಂತ ಒತ್ತಿದರೆ ಡ್ರೈವ್ ಸುಡುತ್ತದೆ.

ಅಮಿಗಾ 34ರಲ್ಲಿ ರೆಡಿಯನ್ನೂ 2ರಲ್ಲಿ ಫ್ಲಾಪಿ ಬದಲಾದ ಸಿಗ್ನಲನ್ನೂ ಕೇಳುತ್ತದೆ, ಅಂದರೆ ಡ್ರೈವ್ ಒಳಗೇ ಬೆಸುಗೆ ಕೆಲಸ. ಅಟಾರಿ ಎಸ್‌ಟಿ ಅಷ್ಟು ರಗಳೆ ಮಾಡುವುದಿಲ್ಲ, ಡ್ರೈವ್ ಸೆಲೆಕ್ಟ್ ಸರಿ ಮಾಡಿ ತೂತು ಮುಚ್ಚಿದರೆ 720 ಕೆಗೆ ಒಪ್ಪಿಕೊಳ್ಳುತ್ತದೆ. ಕಮೊಡೋರ್ 64 ಇಟ್ಟುಕೊಂಡವರು ಕೇಳಲೇಬೇಡಿ. ಅದರ 1541 ಡ್ರೈವ್ ಒಳಗೆ ಬೇರೆಯೇ ಪ್ರೊಸೆಸರ್ ಇದೆ, ಕಂಪ್ಯೂಟರ್ ಜೊತೆ ಮಾತಾಡುವುದು ಸೀರಿಯಲ್ ಕೇಬಲ್‌ನಲ್ಲಿ, 34 ಪಿನ್ನಿನ ಪ್ರಶ್ನೆಯೇ ಬರುವುದಿಲ್ಲ.

ಬೂಷ್ಟು

ಇಂಗ್ಲೆಂಡಿನವರ ಬರಹಗಳಲ್ಲಿ ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ, ಉಡುಪಿ, ಮಂಗಳೂರು, ಮಲೆನಾಡಿನವರಿಗೆ ಅಷ್ಟು ಸಾಲದು. ಮಳೆಗಾಲ ಕಳೆದ ಫ್ಲಾಪಿಯ ಹಾಳೆಯ ಮೇಲೆ ಬೂಷ್ಟು ಹಿಡಿದಿರುತ್ತದೆ. ತಗಡಿನ ಮುಚ್ಚಳ ಸರಿಸಿ, ಅಡಿಯ ಲೋಹದ ಗುಬ್ಬಿಯನ್ನು ಬೆರಳಿನಿಂದ ನಿಧಾನ ತಿರುಗಿಸುತ್ತಾ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬಿಳಿ ಪುಡಿಯ ಥರ ಚುಕ್ಕೆ, ಇಲ್ಲವೇ ಮಂಕಾದ ಕಲೆ ಕಂಡರೆ ಡ್ರೈವ್‌ಗೆ ಹಾಕಬೇಡಿ. ಹಾಕಿದರೆ ಅದು ಹೆಡ್ಡಿಗೆ ಮೆತ್ತಿಕೊಂಡು, ಆಮೇಲೆ ಹಾಕಿದ ಒಳ್ಳೇ ಫ್ಲಾಪಿಯನ್ನೂ ಕೆರೆದು ಗೆರೆ ಹಾಕುತ್ತದೆ. ಒಂದಾದ ಮೇಲೆ ಒಂದು ಫ್ಲಾಪಿ ಕೆಡುತ್ತಾ ಬಂದು, ಮೊದಲು ಓದುತ್ತಿದ್ದವೂ 0ಇ ಅನ್ನತೊಡಗಿದರೆ ಇದೇ ಕಾರಣ, ತಕ್ಷಣ ನಿಲ್ಲಿಸಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಎರಡೂ ಹೆಡ್ ಒರೆಸಿ. ಮೇಲಿನ ಹೆಡ್ ತೆಳು ಪಟ್ಟಿಯ ಮೇಲೆ ಕೂತಿರುತ್ತದೆ, ಅದನ್ನು ಎತ್ತಿ ಬಗ್ಗಿಸಿದರೆ ಮತ್ತೆ ಸರಿಯಾಗುವುದಿಲ್ಲ.

ಇಷ್ಟಾದರೂ ಆಗದಿದ್ದರೆ

ಗೋಟೆಕ್ ಅನ್ನುವ ಯುಎಸ್‌ಬಿ ಫ್ಲಾಪಿ ಎಮ್ಯುಲೇಟರ್ ಯಾರ ಹತ್ತಿರವಾದರೂ ಇದ್ದರೆ ಸ್ವಲ್ಪ ಹೊತ್ತಿಗೆ ತಂದು, ಅದರ ಎಸ್0 ಜಂಪರ್ ಹಾಕಿ ನೇರ ಕೇಬಲ್‌ನಲ್ಲಿ ಸಿಕ್ಕಿಸಿ. ನಾನು ಅದನ್ನೇ ಖಾಯಂ ಇಟ್ಟುಕೊಳ್ಳಿ ಅನ್ನುತ್ತಿಲ್ಲ, ಫ್ಲಾಪಿಯ ಕರಕರ ಸದ್ದಿಲ್ಲದ ಬಿಬಿಸಿ ನನಗೆ ರುಚಿಸುವುದಿಲ್ಲ. ಆದರೆ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯದಿಲ್ಲ, ಅದರಲ್ಲಿ ಹೆಡ್ಡೂ ಇಲ್ಲ, ತೂತೂ ಇಲ್ಲ, ವೇಗದ ಗಲಾಟೆಯೂ ಇಲ್ಲ. ಅದರಲ್ಲಿ ಕ್ಯಾಟಲಾಗ್ ಬಂದರೆ ದೋಷ ನಿಮ್ಮ ಡ್ರೈವ್ ಅಥವಾ ಫ್ಲಾಪಿಯದ್ದು. ಅದರಲ್ಲೂ ಬರದಿದ್ದರೆ, ಕೇಬಲ್ ಬೇರೆ ಹಾಕಿ ನೋಡಿದ ಮೇಲೂ ಬರದಿದ್ದರೆ, ಆಗ ಯಂತ್ರ ಬಿಚ್ಚಿ. 8271 ಅನ್ನು ಸಾಕೆಟ್‌ನಿಂದ ಮೆಲ್ಲಗೆ ಎತ್ತಿ, ಕಾಲುಗಳ ಮೇಲಿನ ಕಪ್ಪು ಒರೆಸಿ, ಮತ್ತೆ ಗಟ್ಟಿಯಾಗಿ ಕೂರಿಸಿ ನೋಡಿ. ಡಿಎಫ್‌ಎಸ್ ರಾಮ್ ಕೂಡ ಹಾಗೇ. ಡ್ರೈವ್‌ಗೆ ಹೋಗುವ ಸಿಗ್ನಲ್‌ಗಳನ್ನು ಓಡಿಸುವ ಚಿಕ್ಕ ಬಫರ್ ಚಿಪ್‌ಗಳನ್ನೂ ಪರೀಕ್ಷಿಸಿ, ಕೇಬಲ್ ಉಲ್ಟಾ ಹಾಕಿ ಯಾರಾದರೂ ಬಹಳ ಹೊತ್ತು ಓಡಿಸಿದ್ದರೆ ಮೊದಲ ಅನುಮಾನ ಅವುಗಳ ಮೇಲೇ ಇರಲಿ, ಅವು ಅಗ್ಗ, ಅಂಗಡಿಯಲ್ಲಿ ಈಗಲೂ ಸಿಗುತ್ತವೆ. ದುಬಾರಿ 8271ಕ್ಕೆ ಆರ್ಡರ್ ಹಾಕುವುದು ಇದೆಲ್ಲ ಮುಗಿದ ಮೇಲೆ.